ಬೆಳಗ್ಗೆ ಬರುವ ‘ಇ’ ಮಧ್ಯಾಹ್ನ ಯಾಕೆ ಬರುವುದಿಲ್ಲ?

ಓದುಗರ ಪ್ರಶ್ನೆ:

“ನನ್ನ ಲ್ಯಾಪ್‌ಟಾಪಿಗೆ ಈಗ ನಾಲ್ಕು ವರ್ಷ. ಎರಡು ತಿಂಗಳಿಂದ ‘ಇ’, ‘ಡಿ’, ‘ಸಿ’ ಈ ಮೂರು ಕೀಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸುತ್ತವೆ. ಅಂಕಿ 3 ಕೂಡ ಒಮ್ಮೊಮ್ಮೆ ಬರುವುದಿಲ್ಲ. ಬೆಳಗ್ಗೆ ಆನ್ ಮಾಡಿದಾಗ ಎಲ್ಲ ಸರಿ. ಒಂದೆರಡು ಗಂಟೆ ಆದ ಮೇಲೆ ತೊಂದರೆ ಶುರು. ಗಟ್ಟಿಯಾಗಿ ಒತ್ತಿದರೆ ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಗೆಳೆಯರೊಬ್ಬರು ವೈರಸ್ ಎಂದರು. ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಅದೇ ಕಥೆ. ರಿಪೇರಿಯವರೊಬ್ಬರು ನೋಡಿ ‘ಮದರ್‌ಬೋರ್ಡ್ ಹೋಗಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ’ ಎಂದರು. ದಿನವಿಡೀ ಟೈಪ್ ಮಾಡುವ ಕೆಲಸ ನನ್ನದು. ಕೀಗಳನ್ನು ಕಿತ್ತು ಕ್ಲೀನ್ ಮಾಡಲಾ, ಕೀಬೋರ್ಡ್ ಬದಲಿಸಲಾ, ಅಥವಾ ನಿಜಕ್ಕೂ ಹೊಸದೇ ಬೇಕಾ? ಹೇಳಲು ಮರೆತೆ, ಆರು ತಿಂಗಳ ಹಿಂದೆ ಕೀಬೋರ್ಡ್ ಮೇಲೆ ಸ್ವಲ್ಪ ನೀರು ಚೆಲ್ಲಿತ್ತು. ಒರೆಸಿ ಒಣಗಿಸಿದ್ದೆ, ಆಗ ಏನೂ ಆಗಿರಲಿಲ್ಲ.”

ಉತ್ತರ:

ಕೊನೆಯಲ್ಲಿ ‘ಹೇಳಲು ಮರೆತೆ’ ಅಂತ ಸೇರಿಸಿದ್ದೀರಲ್ಲ, ನಾನು ಪತ್ರವನ್ನು ಅಲ್ಲಿಂದಲೇ ಎರಡನೇ ಸಲ ಓದಿದೆ. ರಿಪೇರಿ ಮೇಜಿನ ಮುಂದೆ ಕೂರುವವರು ಹೆಚ್ಚಿನವರು ಹೀಗೆಯೇ. ವೈರಸ್, ವಿಂಡೋಸ್, ಚಾರ್ಜರ್ ಎಲ್ಲದರ ಕಥೆ ಹೇಳಿ ಮುಗಿಸುತ್ತಾರೆ. ಎದ್ದು ಹೊರಟು ಬಾಗಿಲ ಹತ್ತಿರ ಹೋದಾಗ ‘ಅಂದ ಹಾಗೆ, ಒಮ್ಮೆ ನೀರು ಬಿದ್ದಿತ್ತು’ ಅನ್ನುತ್ತಾರೆ. ಅವರದ್ದು ತಪ್ಪೇನಿಲ್ಲ. ಆರು ತಿಂಗಳ ಹಿಂದಿನ ನೀರಿಗೂ ಇವತ್ತು ಬಾರದ ‘ಇ’ಗೂ ಸಂಬಂಧ ಇರಬಹುದು ಅಂತ ಸುಲಭಕ್ಕೆ ಹೊಳೆಯುವುದಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ನೀವು ಕೊಟ್ಟ ಲಕ್ಷಣ ನೋಡಿದರೆ ಹೊಸ ಲ್ಯಾಪ್‌ಟಾಪ್ ಬೇಕಾಗುವ ಹಾಗೆ ಕಾಣುವುದಿಲ್ಲ. ಮದರ್‌ಬೋರ್ಡ್ ಹೋಗಿರುವ ಸಾಧ್ಯತೆ ಕಡಿಮೆ. ವೈರಸ್ ಅಂತೂ ಅಲ್ಲ. ನನ್ನ ಅನುಮಾನ ಎರಡರ ಮೇಲೆ: ಕೀಬೋರ್ಡಿನ ಒಳಗಿರುವ ಒಂದು ತೆಳು ಗೆರೆ, ಇಲ್ಲವೇ ಕೀಬೋರ್ಡನ್ನು ಮದರ್‌ಬೋರ್ಡಿಗೆ ಸೇರಿಸುವ ರಿಬ್ಬನ್ ಕೇಬಲ್ಲಿನ ತುದಿ.

ಕಾರಣಕ್ಕೆ ಹೋಗುವ ಮೊದಲು ಒಂದು ಕೆಲಸ ಇವತ್ತೇ ಮುಗಿಸಿ. ಲಾಗಿನ್ ಪಾಸ್‌ವರ್ಡಿನಲ್ಲಿ ‘ಇ’, ‘ಡಿ’, ‘ಸಿ’ ಅಥವಾ 3 ಇದ್ದರೆ ಈಗಲೇ ಬದಲಿಸಿ. ಕೀಗಳು ಪೂರ್ತಿ ಸತ್ತ ದಿನ ನಿಮ್ಮದೇ ಲ್ಯಾಪ್‌ಟಾಪಿನ ಹೊರಗೆ ನಿಂತಿರುತ್ತೀರಿ. ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಒಳಗೆ ಹೋಗಬಹುದು, ವಿಂಡೋಸ್ ಲಾಗಿನ್ ಪರದೆಯ ಮೂಲೆಯ ಚಿತ್ರ ಒತ್ತಿ ಪರದೆಯ ಮೇಲಿನ ಕೀಬೋರ್ಡನ್ನೂ ತೆರೆಯಬಹುದು, ನಿಜ. ಆದರೆ ಅದು ಆಗುವುದು ಯಾವಾಗಲೂ ಅರ್ಜೆಂಟ್ ಇರುವಾಗಲೇ ಅಲ್ವಾ?

ಕಾಗೆ ಕೂತಿತು, ಟೊಂಗೆ ಮುರಿಯಿತು

ಪೂರ್ತಿ ಕೆಟ್ಟ ಕೀ ಸುಲಭ. ಬಂದು ಹೋಗುವ ಕಾಯಿಲೆಯೇ ಕಷ್ಟ. ಅದು ತಾನಾಗಿಯೇ ಸರಿಹೋಗುತ್ತದೆ. ಆ ಹೊತ್ತಿಗೆ ನೀವು ಏನು ಮಾಡಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ.

ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಎರಡು ದಿನ ಚೆನ್ನಾಗಿತ್ತು ಅಂದಿರಿ. ಆ ಎರಡು ದಿನ ಇನ್ನೇನೇನು ಆಗಿರಬಹುದು, ಯೋಚಿಸಿ ನೋಡಿ. ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಬಂದಿರಿ. ಅದು ಅಲುಗಾಡಿತು, ತಿರುಗಿತು, ಸಡಿಲ ಇದ್ದ ಏನೋ ಒಂದು ತುಸು ಜರುಗಿ ಕೂತಿರಬಹುದು. ಮನೆಗೆ ತಂದ ಮೇಲೆ ಮಾಮೂಲಿನ ಹಾಗೆ ಗಂಟೆಗಟ್ಟಲೆ ಟೈಪ್ ಮಾಡದೆ ಬೇಕಾದ ಪ್ರೋಗ್ರಾಂಗಳನ್ನು ಒಂದೊಂದಾಗಿ ಹಾಕುತ್ತಾ ಕೂತಿರಬಹುದು. ತೊಂದರೆ ಆಗ ಇರಲಿಲ್ಲವೋ, ನಿಮ್ಮ ಗಮನಕ್ಕೆ ಬರಲಿಲ್ಲವೋ ಹೇಳುವುದು ಹೇಗೆ? ನನ್ನ ಹತ್ತಿರ ಒಬ್ಬರು ಬಂದಿದ್ದರು. ಲ್ಯಾಪ್‌ಟಾಪನ್ನು ಬೋರಲು ಹಾಕಿ ನಾಲ್ಕು ಸಲ ತಟ್ಟಿದರೆ ಸರಿಹೋಗುತ್ತದೆ ಅಂತ ಅವರ ನಂಬಿಕೆ. ಒಂದು ವರ್ಷ ತಟ್ಟಿದ್ದಾರೆ. ಬಿಚ್ಚಿ ನೋಡಿದರೆ ರಿಬ್ಬನ್ ಕೇಬಲ್ ಒಂದು ಪಕ್ಕಕ್ಕೆ ವಾಲಿತ್ತು. ತಟ್ಟಿದಾಗ ಸರಿಹೋಗುತ್ತಿದ್ದದ್ದು ನಿಜವೇ. ನಾಲ್ಕೇ ಸಲ ಯಾಕೆ ಅನ್ನುವುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಅದಕ್ಕೇ ಇಂಥ ದೋಷದಲ್ಲಿ ‘ಏನು ಮಾಡಿದಾಗ ಸರಿಹೋಯಿತು’ ಅನ್ನುವುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಯಾವ ಯಾವ ಕೀಗಳು ಒಟ್ಟಿಗೆ ಹೋಗುತ್ತವೆ, ಯಾವ ಹೊತ್ತಿಗೆ ಹೋಗುತ್ತವೆ ಎಂದು ಕೇಳುತ್ತೇನೆ. ನೀವು ಅದನ್ನು ಗಮನಿಸಿ ಬರೆದಿದ್ದೀರಿ. ನನ್ನ ಅರ್ಧ ಕೆಲಸ ನೀವೇ ಮಾಡಿದ್ದೀರಿ.

‘ಇ’, ‘ಡಿ’, ‘ಸಿ’, 3: ಈ ನಾಲ್ಕೇ ಯಾಕೆ?

ಕೀಬೋರ್ಡ್ ನೋಡಿ. 3ರ ಕೆಳಗೆ ‘ಇ’, ಅದರ ಕೆಳಗೆ ‘ಡಿ’, ಅದರ ಕೆಳಗೆ ‘ಸಿ’. ಮೇಲಿಂದ ಕೆಳಕ್ಕೆ ತುಸು ಓರೆಯಾಗಿ ಇಳಿಯುವ ಒಂದೇ ಸಾಲು. ನಾಲ್ಕು ಕೀಗಳು ಬೇರೆ ಬೇರೆಯಾಗಿ ಕೆಟ್ಟು, ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಕೂರುವುದು ಕಾಕತಾಳೀಯ ಅನ್ನಲು ನನಗೆ ಕಷ್ಟ. ಕೆಟ್ಟಿರುವುದು ನಾಲ್ಕು ಕೀಗಳಲ್ಲ. ಆ ನಾಲ್ಕಕ್ಕೂ ಸೇರಿದ ಒಂದು ದಾರಿ.

ಇದು ಅರ್ಥವಾಗಬೇಕಾದರೆ ಕೀಬೋರ್ಡಿನ ಒಳಗನ್ನು ಸ್ವಲ್ಪ ನೋಡಬೇಕು. ಮೇಲೆ ಕಾಣುವ ಅಕ್ಷರದ ಬಿಲ್ಲೆ ಕೀಕ್ಯಾಪ್. ಅದರ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹೆಣೆದ ಪುಟ್ಟ ಪ್ಲಾಸ್ಟಿಕ್ ಕೀಲು. ನಡುವೆ ಒಂದು ರಬ್ಬರ್ ಗುಬ್ಬಿ. ಒತ್ತಿದ ಕೀ ಮೇಲಕ್ಕೆ ಪುಟಿಯುವುದು ಅದರಿಂದಲೇ. ಇಷ್ಟನ್ನೂ ತೆಗೆದರೆ ಕೆಳಗೆ ಇಡೀ ಕೀಬೋರ್ಡಿನಗಲಕ್ಕೂ ಹಾಸಿದ ಒಂದು ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಮೆಂಬ್ರೇನ್ ಅನ್ನುವುದು ಅದನ್ನೇ. ನೋಡಲು ಒಂದು, ನಿಜವಾಗಿ ಮೂರು ಪದರ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಬೆಳ್ಳಿ ಬೆರೆಸಿದ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀ ಇರುವ ಕಡೆ ಒಂದು ತೂತು. ಕೀ ಒತ್ತಿದಾಗ ಮೇಲಿನ ಗೆರೆ ಆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಅಷ್ಟೇ ಅದರ ಕೆಲಸ.

ಒಂದೊಂದು ಕೀಗೂ ಒಂದೊಂದು ತಂತಿ ಎಳೆದರೆ ಸುಮಾರು ನೂರು ತಂತಿ ಬೇಕಾಗುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ಬಟ್ಟೆಯಲ್ಲಿ ಹಾಸು ಹೊಕ್ಕು ಇರುತ್ತದಲ್ಲ, ಹಾಗೆ. ಒಂದು ಹಾಳೆಯ ಗೆರೆಗಳು ಉದ್ದಕ್ಕೆ, ಇನ್ನೊಂದರವು ಅಡ್ಡಕ್ಕೆ. ಉದ್ದಕ್ಕೆ 16, ಅಡ್ಡಕ್ಕೆ 8 ಗೆರೆ ಇದ್ದರೆ ಒಟ್ಟು 24 ಗೆರೆಗಳಲ್ಲೇ 128 ಕೂಡು ಜಾಗಗಳು ಸಿಗುತ್ತವೆ. ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ ಸೆಕೆಂಡಿಗೆ ನೂರಾರು ಸಲ ಈ ಗೆರೆಗಳನ್ನು ಒಂದೊಂದಾಗಿ ತಡವುತ್ತಾ ಎಲ್ಲಿ ಹಾಸು ಹೊಕ್ಕು ಮುಟ್ಟಿದೆ ಎಂದು ನೋಡುತ್ತಿರುತ್ತದೆ. ಬಟ್ಟೆಯಲ್ಲಿ ಒಂದು ಹಾಸಿನ ಎಳೆ ತುಂಡಾದರೆ ಉದ್ದಕ್ಕೂ ಸೀಳು ಗೆರೆ ಬೀಳುತ್ತದೆ. ಇಲ್ಲಿ ಒಂದು ಗೆರೆ ಕೈಕೊಟ್ಟರೆ ಅದರ ಮೇಲೆ ಕೂತ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ.

ಗೆರೆಗಳ ಹಂಚಿಕೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕೆಲವು ಕೀಬೋರ್ಡುಗಳಲ್ಲಿ ಒಂದೇ ಗೆರೆಯ ಮೇಲಿನ ಕೀಗಳು ಚದುರಿ ಹೋಗಿರುತ್ತವೆ. ‘ಜಿ’ ಒಂದು ಕಡೆ, ಬ್ಯಾಕ್‌ಸ್ಪೇಸ್ ಇನ್ನೊಂದು ಕಡೆ, ಯಾವುದೋ ಎಫ್ ಕೀ ಮತ್ತೊಂದು ಕಡೆ. ಸಂಬಂಧವೇ ಇಲ್ಲದ ಮೂರು ಕೀಗಳು ಏಕಕಾಲಕ್ಕೆ ಹೋದವು ಅಂತ ಜನ ಗಾಬರಿಯಾಗುವುದು ಇಂಥ ಕಡೆ.

ನೀರು, ಬಿಸಿ, ಗಟ್ಟಿ ಒತ್ತು

ಈಗ ಆ ಆರು ತಿಂಗಳ ಹಿಂದಿನ ನೀರಿಗೆ ಬರೋಣ. ಮೇಲಿನ ನೀರು ನೀವು ಒರೆಸಿದಿರಿ. ಪದರಗಳ ಅಂಚಿನಿಂದ ಒಳಗೆ ನುಸುಳಿದ ಒಂದೆರಡು ಹನಿಯನ್ನು ಯಾರೂ ಒರೆಸಲಾರರು. ಎರಡು ಗಾಜಿನ ತುಂಡುಗಳ ನಡುವೆ ನೀರು ತಾನಾಗಿಯೇ ಹರಡಿಕೊಳ್ಳುತ್ತದೆ. ಈ ಹಾಳೆಗಳ ನಡುವೆಯೂ ಅಷ್ಟೇ. ಅಲ್ಲಿಗೆ ಗಾಳಿ ಹೋಗುವುದಿಲ್ಲ, ಬೇಗ ಆರುವುದಿಲ್ಲ. ಗೆರೆಗಳಲ್ಲಿ ವಿದ್ಯುತ್ ಹರಿಯುತ್ತಿರುವಾಗ ತೇವ ಇದ್ದರೆ ಬೆಳ್ಳಿ ನಿಧಾನಕ್ಕೆ ತಿನ್ನಿಸಿಕೊಳ್ಳುತ್ತದೆ, ಕಪ್ಪಾಗುತ್ತದೆ. ಕೆಲವೊಮ್ಮೆ ಒಂದು ಗೆರೆಯಿಂದ ಪಕ್ಕದ ಗೆರೆಯ ಕಡೆಗೆ ಬೇರಿನ ಹಾಗೆ ಬೆಳೆದು ಎರಡನ್ನೂ ಸೇರಿಸಿಬಿಡುತ್ತದೆ. ಇದು ಒಂದೇ ದಿನದಲ್ಲಿ ಆಗುವುದಿಲ್ಲ. ವಾರಗಳು, ತಿಂಗಳುಗಳು ಹಿಡಿಯುತ್ತವೆ.

ಗೆರೆ ಪೂರ್ತಿ ತುಂಡಾಗಿದ್ದರೆ ಕೀಗಳು ಎಂದೂ ಬರುತ್ತಿರಲಿಲ್ಲ. ನಿಮ್ಮದು ಇನ್ನೂ ಅಷ್ಟು ದೂರ ಹೋಗಿಲ್ಲ. ಗೆರೆ ಸವೆದು ಸಣ್ಣಗಾಗಿದೆ, ಅಥವಾ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಅಂತಿಟ್ಟುಕೊಳ್ಳಿ. ವಿದ್ಯುತ್ತು ಹಾಯುತ್ತದೆ, ಕಷ್ಟಪಟ್ಟು. ಚಿಪ್ಪಿಗೆ ಒಂದು ಮಿತಿ ಇದೆ. ಅದಕ್ಕಿಂತ ಮಂಕಾದ ಸುದ್ದಿ ಬಂದರೆ ‘ಯಾರೂ ಕೀ ಒತ್ತಿಲ್ಲ’ ಅಂತ ಲೆಕ್ಕ. ಗಟ್ಟಿಯಾಗಿ ಒತ್ತಿದಾಗ ಎರಡು ಹಾಳೆಗಳೂ ಹೆಚ್ಚು ಅಗಲಕ್ಕೆ ಮುಟ್ಟುತ್ತವೆ, ಸುದ್ದಿ ಸ್ವಲ್ಪ ಬಲವಾಗುತ್ತದೆ, ಮಿತಿ ದಾಟುತ್ತದೆ. ಒಂದೆರಡು ಗಂಟೆ ಕಳೆದ ಮೇಲೆ ಲ್ಯಾಪ್‌ಟಾಪ್ ಒಳಗೆ ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಹಿಗ್ಗುತ್ತದೆ, ಬಿರುಕು ಬಾಯಿ ಬಿಡುತ್ತದೆ. ರಾತ್ರಿ ತಣ್ಣಗಾಗಿ ಮತ್ತೆ ಕೂಡಿಕೊಳ್ಳುತ್ತದೆ. ನಿಮ್ಮ ಬೆಳಗ್ಗೆ ಮಧ್ಯಾಹ್ನದ ಲೆಕ್ಕ ಇಲ್ಲಿ ಸರಿಯಾಗಿ ಕೂರುತ್ತದೆ.

ರಿಬ್ಬನ್ ಕೇಬಲ್ಲಿನ ತುದಿ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣಬಹುದು. ಅಲ್ಲೂ ಒಂದೊಂದು ಗೆರೆಗೆ ಒಂದೊಂದು ಪಿನ್. ಒಂದು ಪಿನ್ ಸರಿಯಾಗಿ ಮುಟ್ಟದಿದ್ದರೆ ಒಂದು ಸಾಲು ಹೋಗುತ್ತದೆ. ಎರಡರಲ್ಲಿ ಯಾವುದು ಎಂದು ಹೊರಗಿನಿಂದಲೇ ಒಂದಿಷ್ಟು ಊಹಿಸಬಹುದು.

ಗಟ್ಟಿಯಾಗಿ ಒತ್ತುವ ಅಭ್ಯಾಸ ಮಾತ್ರ ಬಿಡಿ. ಇವತ್ತು ಕೆಲಸ ನಡೆಯುತ್ತದೆ, ನಾಳೆ ರಬ್ಬರ್ ಗುಬ್ಬಿ ಹರಿಯುತ್ತದೆ. ಗೆರೆಯ ದೋಷದ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಬಿಚ್ಚುವ ಮೊದಲು

ಮೊಟ್ಟಮೊದಲು ಬ್ಯಾಟರಿ. ಲ್ಯಾಪ್‌ಟಾಪನ್ನು ಮುಚ್ಚಿ ಸಮತಟ್ಟಾದ ಮೇಜಿನ ಮೇಲೆ ಇಡಿ. ನಾಲ್ಕು ಮೂಲೆಯೂ ಕೂರುತ್ತದೆಯೇ? ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆಯೇ, ಅಥವಾ ಒತ್ತಿದರೆ ಕ್ಲಿಕ್ ಆಗುತ್ತಿಲ್ಲವೇ? ಕೀಬೋರ್ಡಿನ ನಡುಭಾಗ ಉಬ್ಬಿದ ಹಾಗೆ ಕಾಣುತ್ತದೆಯೇ? ನಾಲ್ಕು ವರ್ಷದ ಲಿಥಿಯಂ ಬ್ಯಾಟರಿ ಒಳಗೆ ಗ್ಯಾಸ್ ತುಂಬಿ ಉಬ್ಬಿದರೆ ಕೀಬೋರ್ಡನ್ನು ಕೆಳಗಿನಿಂದ ತಳ್ಳುತ್ತದೆ, ಕೀಗಳು ಕೈಕೊಡುತ್ತವೆ. ಹಾಗಿದ್ದರೆ ಕೀಬೋರ್ಡಿನ ಚಿಂತೆ ಬಿಡಿ. ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಮತ್ತೆ ಚಾರ್ಜ್ ಹಾಕಬೇಡಿ. ಒತ್ತಿ ಮಟ್ಟ ಮಾಡಲು ಹೋಗಬೇಡಿ, ಚೂಪಾದ ಏನನ್ನೂ ಹತ್ತಿರ ತರಬೇಡಿ, ತಿಳಿದವರ ಕೈಗೆ ಕೊಡಿ. ತೂತಾದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಈ ಇಡೀ ಉತ್ತರದಲ್ಲಿ ನಿಜವಾಗಿ ಅಪಾಯದ ವಿಷಯ ಇದೊಂದೇ.

ಬ್ಯಾಟರಿ ಸರಿ ಇದ್ದರೆ ಮುಂದಿನದು ಸರಳ. ಹೊರಗಿನ ಯುಎಸ್‌ಬಿ ಕೀಬೋರ್ಡ್ ಒಂದನ್ನು ಸಿಕ್ಕಿಸಿ. ಲ್ಯಾಪ್‌ಟಾಪಿನ ‘ಇ’ ಬಾರದೇ ಇರುವ ಹೊತ್ತಿನಲ್ಲೇ ಹೊರಗಿನ ಕೀಬೋರ್ಡಿನ ‘ಇ’ ಒತ್ತಿ. ಅಲ್ಲಿ ಬಂದು ಇಲ್ಲಿ ಬರದಿದ್ದರೆ ವಿಂಡೋಸಿನ ಮೇಲೆ ಅನುಮಾನ ಬಹಳ ಮಟ್ಟಿಗೆ ಹೋಯಿತು. ಎರಡರಲ್ಲೂ ಬರದಿದ್ದರೆ ಸೆಟ್ಟಿಂಗ್ ಹುಡುಕಬೇಕು. ಪೂರ್ತಿ ಖಾತ್ರಿ ಬೇಕಿದ್ದರೆ ವಿಂಡೋಸ್ ಇಲ್ಲದೆ ನೋಡಬೇಕು. ಹಲವು ಕಂಪನಿಗಳ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ತಪಾಸಣೆ ಪ್ರೋಗ್ರಾಂ ಇರುತ್ತದೆ, ಅದರಲ್ಲಿ ಕೀಬೋರ್ಡ್ ಪರೀಕ್ಷೆಯೂ ಇರಬಹುದು. ಇಲ್ಲದಿದ್ದರೆ ಪೆನ್ ಡ್ರೈವಿನಿಂದ ಲಿನಕ್ಸ್ (ವಿಂಡೋಸಿನ ಬದಲು ಬಳಸುವ ಇನ್ನೊಂದು ವ್ಯವಸ್ಥೆ) ಓಡಿಸಿ ಟೈಪ್ ಮಾಡಿ ನೋಡಬಹುದು. ಇದಕ್ಕಾಗಿ ಬಯಾಸ್ (ವಿಂಡೋಸಿಗಿಂತ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಬದಲಿಸುವುದಾದರೆ ಬಿಟ್‌ಲಾಕರ್ ರಿಕವರಿ ಕೀ, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕಿರುವ ಬೀಗ ತೆಗೆಯುವ ಸಂಖ್ಯೆ, ಮೊದಲೇ ಬರೆದಿಟ್ಟುಕೊಳ್ಳಿ. ಬದಲಾವಣೆ ಕಂಡು ವಿಂಡೋಸ್ ಅದನ್ನು ಕೇಳಿದರೆ ಟೈಪ್ ಮಾಡಬೇಕಾದ್ದು 48 ಅಂಕಿ. ಅದರಲ್ಲಿ 3 ಇಲ್ಲದೆ ಇರುತ್ತದೆಯೇ?

ಒಂದು ಸೂಕ್ಷ್ಮ ಇದೆ. ನಿಮ್ಮ ತೊಂದರೆ ಬರುವುದು ಬಿಸಿಯಾದ ಮೇಲೆ. ಬೆಳಗ್ಗೆ ತಣ್ಣಗಿನ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಪಾಸ್ ಆಗುತ್ತದೆ, ನೀವು ಮತ್ತೆ ವಿಂಡೋಸಿಗೆ ಬೈಯುತ್ತೀರಿ. ತೊಂದರೆ ಶುರುವಾದ ಕೂಡಲೇ, ತಣ್ಣಗಾಗಲು ಬಿಡದೆ ರೀಸ್ಟಾರ್ಟ್ ಮಾಡಿ ಪರೀಕ್ಷಿಸಿ. ರಿಪೇರಿಗೆ ಒಯ್ದಾಗಲೂ ಇದನ್ನು ಹೇಳಿ. ತಂದ ಕೂಡಲೇ ಆನ್ ಮಾಡಿ ‘ಎಲ್ಲ ಸರಿ ಇದೆಯಲ್ಲ’ ಅಂದು ವಾಪಸ್ ಕಳಿಸುವುದು ನಮ್ಮ ಕಸುಬಿನವರ ಹಳೇ ದುರಭ್ಯಾಸ. ನಾನೂ ಮಾಡಿದ್ದೇನೆ.

ಇನ್ನೊಂದು ಪರೀಕ್ಷೆ. ‘ಇ’ ಬಾರದೇ ಇರುವಾಗ ಒಂದು ಕೈಯಲ್ಲಿ ಅದನ್ನು ಹದವಾಗಿ ಒತ್ತುತ್ತಾ ಇರಿ. ಇನ್ನೊಂದು ಕೈಯಲ್ಲಿ ಕೀಬೋರ್ಡಿನ ಸುತ್ತಲಿನ ಜಾಗವನ್ನು, ಅಂಗೈ ಇಡುವ ಜಾಗವನ್ನು ಮೆಲ್ಲಗೆ ಅದುಮಿ ನೋಡಿ. ಲ್ಯಾಪ್‌ಟಾಪಿನ ಒಂದು ಮೂಲೆಯನ್ನು ತುಸುವೇ ಎತ್ತಿ ನೋಡಿ. ಹೀಗೆ ಮಾಡಿದಾಗ ‘ಇ’ ಬಂದು ಹೋಗಿ ಆಡಿದರೆ ರಿಬ್ಬನ್ ಕೇಬಲ್ಲಿನ ಜೋಡಣೆ ಮೇಲೆ ಅನುಮಾನ ಜಾಸ್ತಿ. ಏನೂ ವ್ಯತ್ಯಾಸ ಇಲ್ಲದೆ ಬರೀ ಬಿಸಿಗೆ ಮಾತ್ರ ಹೋಗಿ ಬಂದರೆ ಮೆಂಬ್ರೇನ್ ಮೇಲೆ ಜಾಸ್ತಿ. ಇದು ನೂರಕ್ಕೆ ನೂರು ತೀರ್ಪಲ್ಲ, ಒಲವು ಅಷ್ಟೇ.

ಕೊನೆಗೆ ಒಂದು ಪುಕ್ಕಟೆ ಪ್ರಯತ್ನ. ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೀಗಳನ್ನು ತಡವುವ ಆ ಚಿಪ್ ಕೆಲವೊಮ್ಮೆ ಗೊಂದಲದಲ್ಲಿ ಸಿಕ್ಕಿಕೊಂಡಿರುತ್ತದೆ, ಹೀಗೆ ಮಾಡಿದರೆ ಹೊಸದಾಗಿ ಶುರುವಾಗುತ್ತದೆ. ನಿಮ್ಮ ವಿಷಯದಲ್ಲಿ ಇದು ಫಲ ಕೊಡುತ್ತದೆ ಅಂತ ನನಗೆ ನಂಬಿಕೆಯಿಲ್ಲ. ನಷ್ಟವಂತೂ ಇಲ್ಲ.

ಇದೇ ತರಹ ಕಂಡರೂ ಬೇರೆಯಾದವು

ಈ ತೊಂದರೆ ಬೇರೆಯವರಿಗೂ ಇರುತ್ತದೆ, ಅವರ ಲಕ್ಷಣ ಬೇರೆ ಇರಬಹುದು. ಅದಕ್ಕೆ ಕೆಲವು ಮಾತು.

ಒಂದೇ ಒಂದು ಕೀ ಕೈಕೊಡುತ್ತಿದ್ದರೆ ಬಹುಪಾಲು ಅದರ ಕೆಳಗಿನ ಕಸ, ಇಲ್ಲವೇ ಮುರಿದ ಕೀಲು, ಹರಿದ ಗುಬ್ಬಿ. ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿದು ಡಬ್ಬಿಯ ಗಾಳಿಯನ್ನು (ದೂಳು ಹಾರಿಸಲು ಸಿಗುವ ಸ್ಪ್ರೇ) ಚಿಕ್ಕ ಚಿಕ್ಕ ಹೊಡೆತದಲ್ಲಿ ಬಿಡಿ. ಡಬ್ಬಿಯನ್ನು ತಲೆಕೆಳಗು ಮಾಡಬೇಡಿ, ಗಾಳಿಯ ಬದಲು ಕೊರೆಯುವಷ್ಟು ತಣ್ಣನೆಯ ದ್ರವ ಬರುತ್ತದೆ.

ಎಲ್ಲ ಕೀಗಳೂ ತುಸು ಹೊತ್ತು ಒತ್ತಿ ಹಿಡಿದರೆ ಮಾತ್ರ ಬರುತ್ತವೆ ಅಂದರೆ ಫಿಲ್ಟರ್ ಕೀಸ್ (ಚಿಕ್ಕ ಒತ್ತುಗಳನ್ನು ಲೆಕ್ಕಕ್ಕೆ ತಗೊಳ್ಳದ ಸೆಟ್ಟಿಂಗ್) ಆನ್ ಆಗಿರಬಹುದು. ವಿಂಡೋಸಿನಲ್ಲಿ ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಹಿಡಿದರೆ ಅದನ್ನು ಆನ್ ಮಾಡುವ ಕಿಟಕಿ ಬರುತ್ತದೆ. ಯೋಚಿಸುತ್ತಾ ಬೆರಳು ಅಲ್ಲೇ ಇಟ್ಟುಕೊಂಡು, ಏನು ಬಂತೆಂದು ಓದದೆ ಎಂಟರ್ ಒತ್ತಿದರೆ ಮುಗಿಯಿತು. ಅಕ್ಷರಗಳು ತಡೆದು ನಿಂತು ಆಮೇಲೆ ಒಟ್ಟಿಗೆ ಸುರಿದರೆ ಕೀಬೋರ್ಡಿನ ತಪ್ಪಲ್ಲ, ಕಂಪ್ಯೂಟರ್ ಬೇರೇನೋ ಹೊರೆ ಹೊತ್ತು ಏದುತ್ತಿದೆ. ಹಳೆಯ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ‘ಯು’, ‘ಐ’, ‘ಓ’ ಒತ್ತಿದರೆ 4, 5, 6 ಬಂದರೆ ನಮ್ ಲಾಕ್ ಆನ್ ಆಗಿದೆ ಅಷ್ಟೇ.

ಅಕ್ಷರ ಬರುವ ಬದಲು ಚಿತ್ರವಿಚಿತ್ರ ಆಗುತ್ತಿದೆಯೇ? ‘ಇ’ ಒತ್ತಿದರೆ ಫೋಲ್ಡರ್ ಕಿಟಕಿ ತೆರೆದರೆ, ‘ಎಲ್’ ಒತ್ತಿದರೆ ಪರದೆ ಲಾಕ್ ಆದರೆ ವಿಂಡೋಸ್ ಕೀ ಕೆಳಗೇ ಸಿಕ್ಕಿಕೊಂಡಿದೆ. ‘ಎ’ ಒತ್ತಿದರೆ ಬರೆದದ್ದೆಲ್ಲ ನೀಲಿಯಾಗಿ ಆಯ್ಕೆಯಾದರೆ ಕಂಟ್ರೋಲ್. ಇಲ್ಲಿ ಸತ್ತಂತೆ ಕಾಣುವ ಅಕ್ಷರದ ಕೀ ನಿರಪರಾಧಿ, ಕಳ್ಳ ಮೂಲೆಯಲ್ಲಿ ಕೂತಿರುತ್ತಾನೆ. ವಿಂಡೋಸ್, ಕಂಟ್ರೋಲ್, ‘ಓ’ ಮೂರನ್ನೂ ಒಟ್ಟಿಗೆ ಒತ್ತಿ ಪರದೆಯ ಕೀಬೋರ್ಡ್ ತೆರೆಯಿರಿ. ಯಾವ ಕೀ ಸುಮ್ನೆ ಬೆಳಗುತ್ತಾ ಕೂತಿದೆ ನೋಡಿ.

ಮ್ಯಾಕ್‌ಬುಕ್ ಇರುವವರಿಗೆ ಒಂದು ವಿಶೇಷ. 2015ರಲ್ಲಿ ಆ್ಯಪಲ್ ಕೀಬೋರ್ಡನ್ನು ಇನ್ನಷ್ಟು ತೆಳ್ಳಗೆ ಮಾಡಲು ಬಟರ್‌ಫ್ಲೈ ಎಂಬ ಹೊಸ ಕೀಲು ತಂದಿತು. ಕೀಗಳು ನಿಲ್ಲುವ, ಒಂದರ ಬದಲು ಎರಡು ಸಲ ಬರುವ ದೂರು ಹೆಚ್ಚಾಗಿ 2018ರಲ್ಲಿ ಉಚಿತ ರಿಪೇರಿ ಘೋಷಿಸಬೇಕಾಯಿತು. 2019ರ ಕೊನೆಗೆ 16 ಇಂಚಿನ ಮಾದರಿಯಿಂದ ಮತ್ತೆ ಕತ್ತರಿ ಕೀಲಿಗೆ ಮರಳಿದರು. ಆ ನಡುವಿನ ಮ್ಯಾಕ್‌ಬುಕ್ ಆದರೆ ಮೇಲಿನ ಹಾಸು ಹೊಕ್ಕಿನ ಕಥೆಗಿಂತ ದೂಳೇ ಮೊದಲ ಅನುಮಾನ.

ನಿಮ್ಮ ಮುಂದಿರುವ ದಾರಿಗಳು

ಕೀ ಕಿತ್ತು ಕ್ಲೀನ್ ಮಾಡುವುದರಿಂದ ನಿಮಗೆ ಲಾಭವಿಲ್ಲ. ಜನ ಇಲ್ಲಿ ಎಡವುತ್ತಾರೆ. ಕೀಕ್ಯಾಪ್ ತೆಗೆದಾಗ ಕಾಣುವ ಕಸ ಹಾಳೆಯ ಮೇಲಿರುತ್ತದೆ. ವಿದ್ಯುತ್ ಮುಟ್ಟುವ ಜಾಗ ಹಾಳೆಗಳ ಒಳಗೆ, ಮುಚ್ಚಿದ ಕಡೆ ಇದೆ. ಮೇಲೆ ಎಷ್ಟು ಉಜ್ಜಿದರೂ ಅಲ್ಲಿಗೆ ತಲುಪುವುದಿಲ್ಲ. ಅದರ ಬದಲು ಕೀಲು ಮುರಿಯುತ್ತದೆ. ಒಂದೇ ಕೀಬೋರ್ಡಿನಲ್ಲಿ ಎರಡು ಮೂರು ಬಗೆಯ ಕೀಲು ಇರುವುದುಂಟು, ಯಾವ ಕಡೆಯಿಂದ ಎಬ್ಬಬೇಕು ಅನ್ನುವುದೂ ಬೇರೆ ಬೇರೆ. ಸ್ಪೇಸ್ ಬಾರ್, ಶಿಫ್ಟ್, ಎಂಟರ್ ಕೆಳಗೆ ಲೋಹದ ಕಡ್ಡಿಯೂ ಇರಬಹುದು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಲೇಬೇಡಿ. ಹೇರ್ ಡ್ರೈಯರ್ ಕೂಡ ಬೇಡ, ಕೀಕ್ಯಾಪ್ ಸೊಟ್ಟಗಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದೇ, 90 ಪರ್ಸೆಂಟಿಗಿಂತ ಹೆಚ್ಚಿನದು. ಆದರೆ ಅದು ಅಂಟಿದ ಕೀ ಬಿಡಿಸಲು, ಬಿಚ್ಚಿದ ಮೇಲೆ ಕೇಬಲ್ಲಿನ ತುದಿ ಒರೆಸಲು. ಸವೆದ ಬೆಳ್ಳಿಯನ್ನು ಅದು ವಾಪಸ್ ತರುವುದಿಲ್ಲ.

ಕೆಲವರು ಮೆಂಬ್ರೇನ್ ಬಿಡಿಸಿ ಬೆಳ್ಳಿ ಪೇಂಟಿನಿಂದ ಗೆರೆ ತಿದ್ದುತ್ತಾರೆ. ನಾನೂ ಕೈ ಹಾಕಿದ್ದೇನೆ. ಅಂಟಿಸಿದ ಹಾಳೆಗಳನ್ನು ಬಿಡಿಸುವಾಗ ಒಳ್ಳೆಯ ಗೆರೆಗಳೂ ಕಿತ್ತು ಬರುತ್ತವೆ. ದುಡಿಮೆಯ ಲ್ಯಾಪ್‌ಟಾಪಿಗೆ ಅದು ಬೇಡ.

ರಿಬ್ಬನ್ ಕೇಬಲ್ ಬಿಚ್ಚಿ ಮತ್ತೆ ಕೂರಿಸುವುದು ಮಾಡಬೇಕಾದ ಮೊದಲ ಕೆಲಸ. ಕಾಲು ಗಂಟೆಯಲ್ಲಿ ಮುಗಿಯಬಹುದು. ಕೆಲವು ಮಾದರಿಗಳಲ್ಲಿ ಕೆಳಗಿನ ಮುಚ್ಚಳ ತೆಗೆದ ಕೂಡಲೇ ತುದಿ ಕಾಣುತ್ತದೆ, ಕೆಲವದರಲ್ಲಿ ಬೋರ್ಡನ್ನೇ ಎತ್ತಬೇಕು. ಮುಚ್ಚಳ ತೆಗೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಕಳಚಬೇಕು, ಆಮೇಲೆ ಉಳಿದದ್ದು. ಕೇಬಲ್ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ಚಿಲಕ ಕೆಲವದರಲ್ಲಿ ಮೇಲಕ್ಕೆ ಎತ್ತುವಂಥದ್ದು, ಕೆಲವದರಲ್ಲಿ ಹೊರಕ್ಕೆ ಜಾರಿಸುವಂಥದ್ದು. ಗೊತ್ತಿಲ್ಲದೆ ಎಳೆದರೆ ಉಗುರಿನಷ್ಟು ದಪ್ಪವೂ ಇಲ್ಲದ ಆ ಚಿಲಕ ಮುರಿಯುತ್ತದೆ. ಆಗ ಕೀಬೋರ್ಡಿನ ತೊಂದರೆ ನಿಜಕ್ಕೂ ಮದರ್‌ಬೋರ್ಡಿನ ತೊಂದರೆಯಾಗುತ್ತದೆ. ಸಣ್ಣ ಸ್ಕ್ರೂಗಳ ಜೊತೆ ಮೊದಲು ಕೆಲಸ ಮಾಡಿಲ್ಲ ಅಂದರೆ ದಿನದ ಅನ್ನ ಕೊಡುವ ಯಂತ್ರದ ಮೇಲೆ ಕಲಿಯಬೇಡಿ. ನಿಮ್ಮದರಲ್ಲಿ ನೀರು ಬಿದ್ದಿರುವುದರಿಂದ, ಬಿಚ್ಚಿದವರು ಕನೆಕ್ಟರ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ಅಂತಲೂ ನೋಡಬೇಕು. ಇದ್ದರೆ ಆಗಲೇ ತೊಳೆಯಬೇಕು, ಬಿಟ್ಟರೆ ತಿನ್ನುತ್ತಾ ಹೋಗುತ್ತದೆ.

ಅದರಿಂದ ಸರಿಹೋಗದಿದ್ದರೆ ಕೀಬೋರ್ಡ್ ಬದಲಿಸಿ. ನಿಮ್ಮ ಕಥೆ ಅಲ್ಲಿಗೇ ಹೋಗಿ ನಿಲ್ಲುತ್ತದೆ ಅಂತ ನನ್ನ ಅಂದಾಜು. ಹೇಗೆ ಕೂರಿಸಿದ್ದಾರೆ ಅನ್ನುವುದರ ಮೇಲೆ ಕೆಲಸದ ತೂಕ ನಿಂತಿದೆ. ಹಳೆಯ ಮಾದರಿಗಳಲ್ಲಿ ಎರಡು ಮೂರು ಸ್ಕ್ರೂ, ನಾಲ್ಕು ಕೊಂಡಿ, ಮೇಲಿನಿಂದಲೇ ಎತ್ತಬಹುದು. ಈಗಿನ ತೆಳ್ಳನೆಯವುಗಳಲ್ಲಿ ಹತ್ತಾರು ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಮೇಲಿನ ಕವಚಕ್ಕೆ ಬೆಸೆದುಬಿಟ್ಟಿರುತ್ತಾರೆ. ಅವನ್ನು ಕತ್ತರಿಸಿ ಹೊಸದನ್ನು ಮತ್ತೆ ಬೆಸೆಯಬೇಕು, ಇಲ್ಲವೇ ಕವಚದ ಸಮೇತ ಬದಲಿಸಬೇಕು. ಕವಚ ಸಮೇತ ದುಬಾರಿ, ಆದರೆ ಗಟ್ಟಿ. ಬೆಸೆದದ್ದು ಸರಿಯಾಗಿ ಕೂರದಿದ್ದರೆ ಟೈಪ್ ಮಾಡುವಾಗ ನಡುವೆ ಕುಸಿದ ಹಾಗೆ ಅನ್ನಿಸುತ್ತದೆ. ದಿನವಿಡೀ ಟೈಪ್ ಮಾಡುವವರಿಗೆ ಅದು ಸಣ್ಣ ವಿಷಯವಲ್ಲ. ಬಿಡಿಭಾಗ ತರಿಸುವಾಗ ಲ್ಯಾಪ್‌ಟಾಪಿನ ಹೆಸರು ಸಾಲದು. ಹಳೆ ಕೀಬೋರ್ಡಿನ ಹಿಂದಿರುವ ಪಾರ್ಟ್ ನಂಬರ್ ನೋಡಬೇಕು. ಎಂಟರ್ ಕೀಯ ಆಕಾರ, ಹಿಂಬೆಳಕು ಇದೆಯೋ ಇಲ್ಲವೋ, ಪವರ್ ಬಟನ್ ಕೀಬೋರ್ಡಿಗೇ ಸೇರಿದೆಯೋ, ಇವೆಲ್ಲ ಹೊಂದಬೇಕು.

ಏನೂ ಮಾಡದೆ ಹೊರಗಿನ ಕೀಬೋರ್ಡಿನಲ್ಲಿ ಕಾಲ ತಳ್ಳುವುದೂ ಒಂದು ದಾರಿಯೇ. ಮೇಜಿನ ಮೇಲೆ ಕೂತು ಕೆಲಸ ಮಾಡುವವರಿಗೆ ಕೈಗೂ ಆರಾಮ. ಒಂದು ಅಪಾಯ ಇದೆ. ಒಳಗಿನ ಸವೆತ ನಿಲ್ಲುವುದಿಲ್ಲ. ಗೆರೆ ತುಂಡಾಗುವ ಬದಲು ಪಕ್ಕದ ಗೆರೆಗೆ ಸೇರಿಕೊಂಡರೆ ಲ್ಯಾಪ್‌ಟಾಪ್ ತಾನಾಗಿಯೇ ‘ಡಿಡಿಡಿಡಿ’ ಅಂತ ಬರೆಯಲು ಶುರು ಮಾಡುತ್ತದೆ. ಆಗ ಒಳಗಿನ ಕೀಬೋರ್ಡಿನ ಕೇಬಲ್ ಕಳಚದೆ ವಿಧಿಯಿಲ್ಲ. ಪವರ್ ಬಟನ್ ಅದೇ ಕೀಬೋರ್ಡಿನಲ್ಲಿದ್ದರೆ ಅದೂ ಹೋಗುತ್ತದೆ. ಪವರ್‌ಟಾಯ್ಸ್ ಎಂಬ ಮೈಕ್ರೋಸಾಫ್ಟಿನ ಉಚಿತ ಪ್ರೋಗ್ರಾಂನಿಂದ ಬಳಸದ ಕೀಗೆ ‘ಇ’ ಕೆಲಸ ಕೊಡಬಹುದು. ಒಂದು ಕೀ ಹೋದವರಿಗೆ ಅದು ಸರಿ. ನಾಲ್ಕು ಹೋದವರಿಗೆ ತಲೆನೋವು.

ಇನ್ನು ಆ ‘ಮದರ್‌ಬೋರ್ಡ್ ಹೋಗಿದೆ’ ಮಾತು. ಅಸಾಧ್ಯವೇನಲ್ಲ. ಕನೆಕ್ಟರಿನ ಬೆಸುಗೆ ಬಿಟ್ಟಿರಬಹುದು, ನೀರು ಅಲ್ಲಿಗೂ ಇಳಿದಿರಬಹುದು. ಆದರೆ ಆ ತೀರ್ಪಿಗೆ ಬರುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಚೆನ್ನಾಗಿರುವ ಬೇರೆ ಕೀಬೋರ್ಡ್ ಸಿಕ್ಕಿಸಿ, ಬಿಸಿಯಾಗುವವರೆಗೆ ಓಡಿಸಿ ನೋಡಿದ್ರಾ?’ ಹೊಸ ಕೀಬೋರ್ಡಿನಲ್ಲೂ ಅದೇ ಸಾಲು ಕೈಕೊಟ್ಟರೆ ಅವರ ಮಾತು ಒಪ್ಪೋಣ. ನೋಡಿಲ್ಲ ಅಂದರೆ ಅದು ಪರೀಕ್ಷೆ ಮಾಡಿ ಹೇಳಿದ ಮಾತಲ್ಲ.

ಕೊಡುವ ಮೊದಲು ಫೈಲುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಕೀಬೋರ್ಡ್ ಬದಲಿಸಿದ ಮೇಲೆ ಅಲ್ಲೇ ಎರಡು ಸಾಲು ಟೈಪ್ ಮಾಡಿ ಸರಿ ಇದೆ ಅಂದುಕೊಳ್ಳಬೇಡಿ. ನಿಮ್ಮ ಕಾಯಿಲೆಗೆ ಎರಡು ಗಂಟೆ ಬೇಕು. ಮನೆಗೆ ತಂದು ಒಂದು ಮಧ್ಯಾಹ್ನ ಪೂರ್ತಿ ದುಡಿಸಿ. ಹಳೆಯ ಕೀಬೋರ್ಡನ್ನು ಕೇಳಿ ತಗೊಳ್ಳಿ. ಕುತೂಹಲ ಇದ್ದರೆ ಹಿಂಬದಿಯ ತಗಡು ಬಿಡಿಸಿ ಆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ನನ್ನ ಊಹೆ ಸರಿಯಿದ್ದರೆ ‘ಇ’, ‘ಡಿ’, ‘ಸಿ’ಗಳನ್ನು ಪೋಣಿಸುವ ಬೆಳ್ಳಿ ಗೆರೆ ಎಲ್ಲೋ ಒಂದು ಕಡೆ ಕಪ್ಪಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.